ಹೈಟೆನ್ಷನ್ ತಂತಿ ತಗುಲಿದ ಕೈಗೆ ತೊಡೆಸಂದಿನ ಫ್ಲಾಪ್: ಬೇರೆ ದಾರಿ ಇದೆಯೇ?

ತೋಟದಮನೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊನೆ ಕೊಯ್ಯುವಾಗ ನನ್ನ ಅಣ್ಣನ ಕೈಯಲ್ಲಿದ್ದ ಅಲ್ಯೂಮಿನಿಯಂ ದೋಟಿ, ತೋಟದ ಅಂಚಿನಲ್ಲಿ ಹಾದುಹೋಗುವ 11 ಕೆ.ವಿ. ತಂತಿಗೆ ತಗುಲಿ ಎರಡು ವಾರವಾಗುತ್ತ ಬಂತು. ಜೀವಕ್ಕೆ ಅಪಾಯವಿಲ್ಲವೆಂದು ವೈದ್ಯರು ಹೇಳಿದ್ದಾರೆ, ಮೊದಲು ಕಂದುಬಣ್ಣಕ್ಕೆ ತಿರುಗಿದ್ದ ಮೂತ್ರವೂ ತಿಳಿಯಾಗಿದೆ. ನಮ್ಮ ಚಿಂತೆಯೆಲ್ಲ ಬಲಗೈಯದು. ಆಸ್ಪತ್ರೆಗೆ ಕರೆದೊಯ್ದಾಗ ಮಣಿಕಟ್ಟಿನ ಒಳಬದಿಯಲ್ಲಿ ಎಂಟಾಣೆಯಗಲದ ಕಪ್ಪು ಗಾಯ, ಎಡ ಹಿಮ್ಮಡಿಯಲ್ಲಿ ಒಂದು ತೂತು, ಇಷ್ಟೇ ಕಾಣುತ್ತಿತ್ತು. ಮುಂಗೈಯ ಚರ್ಮ ಚೆನ್ನಾಗಿಯೇ ಇತ್ತು. ಆದರೂ ಅದೇ ರಾತ್ರಿ ಮೊಣಕೈಯಿಂದ ಅಂಗೈವರೆಗೆ ಉದ್ದಕ್ಕೆ ಸೀಳಿದರು, ಆಮೇಲೆ ಓಟಿಗೆ ಕರೆದೊಯ್ದಾಗಲೆಲ್ಲ ಇನ್ನಷ್ಟು ಮಾಂಸ ತೆಗೆದಿದ್ದಾರೆ. ಈಗ ಮಣಿಕಟ್ಟಿನಲ್ಲಿ ಸ್ನಾಯುರಜ್ಜುಗಳೂ ಮೂಳೆಯೂ ಬರಿಗಣ್ಣಿಗೆ ಕಾಣುತ್ತಿವೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳನ್ನು ಮುಟ್ಟಿದರೆ ಅವನಿಗೆ ತಿಳಿಯುವುದಿಲ್ಲ.

ಮುಂದಿನ ವಾರ ಕೈಯನ್ನು ತೊಡೆಸಂದಿನ ಚರ್ಮಕ್ಕೆ ಹೊಲಿದು ಮೂರು ವಾರ ಹಾಗೆಯೇ ಇಡುವುದಾಗಿ ಹೇಳುತ್ತಿದ್ದಾರೆ. ಬೆಂಗಳೂರಿನಲ್ಲಿರುವ ಭಾವನವರು, ಇದು ಹಳೆಯ ಪದ್ಧತಿ, ಈಗ ಮೈಕ್ರೋಸ್ಕೋಪಿನಡಿ ರಕ್ತನಾಳ ಜೋಡಿಸಿ ಒಂದೇ ಸಲಕ್ಕೆ ಮುಗಿಸುತ್ತಾರೆ ಎನ್ನುತ್ತಾರೆ. ದೊಡ್ಡಪ್ಪನವರ ಅಭಿಪ್ರಾಯದಲ್ಲಿ ಕೈ ತೆಗೆಸಿ ಕೃತಕ ಕೈ ಹಾಕಿಸುವುದೇ ಲೇಸು. ತೊಡೆಯ ತೆಳುಚರ್ಮ ತೆಗೆದು ಅಂಟಿಸುವ ಸಾಮಾನ್ಯ ಚರ್ಮಕಸಿ ಏಕೆ ಸಾಲದು ಎಂಬುದೂ ನಮಗೆ ಅರ್ಥವಾಗಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಪ್ಲಾಸ್ಟಿಕ್ ಸರ್ಜನ್, ಹುಬ್ಬಳ್ಳಿ:

ನಿಮ್ಮ ಅಣ್ಣನವರನ್ನು ನಾನು ಪರೀಕ್ಷಿಸಿಲ್ಲವಾದ್ದರಿಂದ ನಿರ್ಧಾರ ಅವರನ್ನು ನೋಡುತ್ತಿರುವ ವೈದ್ಯರದೇ. ಆದರೆ ನೀವು ಬರೆದದ್ದನ್ನು ಓದಿದರೆ ಅವರು ಮಾಡಿದ್ದೆಲ್ಲ ಕ್ರಮಬದ್ಧವಾಗಿಯೇ ಇದೆ.

ಬೆಂಕಿಯಿಂದ ಸುಟ್ಟಾಗ ಶಾಖ ಚರ್ಮದಿಂದ ಒಳಗೆ ಇಳಿಯುತ್ತದೆ; ಹೈಟೆನ್ಷನ್ ವಿದ್ಯುತ್ತಿನಲ್ಲಿ ಶಾಖ ಹುಟ್ಟುವುದೇ ಒಳಗೆ. ದೇಹದ ಅಂಗಾಂಶಗಳಲ್ಲಿ ಮೂಳೆಯ ವಿದ್ಯುತ್ ನಿರೋಧ ಅತಿ ಹೆಚ್ಚು, ಆದ್ದರಿಂದ ಅದು ಹೆಚ್ಚು ಕಾಯುತ್ತದೆ, ಕಾದು ನಿಧಾನವಾಗಿ ಆರುತ್ತದೆ, ಅದಕ್ಕೆ ಅಂಟಿಕೊಂಡಿರುವ ಆಳದ ಮಾಂಸಖಂಡಗಳು ಮೇಲಿನವು ಚೆನ್ನಾಗಿ ಕಾಣುತ್ತಿರುವಾಗಲೇ ಸತ್ತಿರುತ್ತವೆ. ಮಣಿಕಟ್ಟು ಕಿರಿದಾಗಿದ್ದು, ಇಡೀ ಪ್ರವಾಹ ಅಷ್ಟೇ ಜಾಗದಲ್ಲಿ ನುಗ್ಗಬೇಕಾದ್ದರಿಂದ ಅಲ್ಲಿನ ಹಾನಿ ಸಾಮಾನ್ಯವಾಗಿ ಎಲ್ಲಕ್ಕಿಂತ ಹೆಚ್ಚು. ಸತ್ತ ಮಾಂಸ ಊದಿಕೊಂಡು, ಅದನ್ನು ಸುತ್ತಿರುವ ಗಟ್ಟಿ ಪೊರೆಯೊಳಗೆ ಒತ್ತಡ ಏರಿ ರಕ್ತಸಂಚಾರವೇ ನಿಲ್ಲುವ ಅಪಾಯವಿರುವುದರಿಂದ ಆ ರಾತ್ರಿಯೇ ಸೀಳಿದರು. ಮೂತ್ರ ಕಂದಾಗಿದ್ದು ಸತ್ತ ಮಾಂಸದಿಂದ ಹೊರಬಿದ್ದ ಮಯೋಗ್ಲೋಬಿನ್‌ನಿಂದ. ಅದು ಮೂತ್ರಪಿಂಡವನ್ನು ಕೆಡಿಸಬಲ್ಲದು. ಇನ್ನು ಪದೇ ಪದೇ ಓಟಿ ಏಕೆಂದರೆ, ವಿದ್ಯುತ್ತು ರಕ್ತನಾಳದ ಒಳಪೊರೆಯನ್ನು ಹಾಳುಮಾಡಿರುತ್ತದೆ, ಆ ನಾಳಗಳು ದಿನಗಳೆದಂತೆ ಹೆಪ್ಪುಗಟ್ಟಿ ಮುಚ್ಚುತ್ತವೆ. ಮೊದಲ ದಿನ ಯಾವುದು ಬದುಕೀತು, ಯಾವುದು ಬದುಕದು ಎಂದು ಯಾರಿಂದಲೂ ನಿಖರವಾಗಿ ಹೇಳಲಾಗದು, ಹಾಗಾಗಿ 48ರಿಂದ 72 ಗಂಟೆಗಳಿಗೊಮ್ಮೆ ತೆರೆದು ನೋಡುತ್ತೇವೆ.

ತೆಳು ಚರ್ಮಕಸಿಗೆ ತನ್ನದೇ ರಕ್ತಪೂರೈಕೆ ಇರುವುದಿಲ್ಲ, ಅದು ಕೆಳಗಿನ ಅಂಗಾಂಶದಿಂದ ರಕ್ತ ಪಡೆದು ಬದುಕಬೇಕು. ಬತ್ತಲಾದ ರಜ್ಜು ಮತ್ತು ಮೂಳೆಯ ಮೇಲೆ ಅದು ಹಿಡಿಯುವುದಿಲ್ಲ. ಅಕ್ಕಪಕ್ಕದ ಜಾಗದಲ್ಲಿ ಹಿಡಿದರೂ, ನರ ಮತ್ತು ರಜ್ಜುಗಳ ರಿಪೇರಿಗಾಗಿ ಮುಂದೆ ಅದರಡಿ ಕತ್ತರಿ ಹಾಕಲಾಗದು. ಫ್ಲಾಪ್ ಹಾಗಲ್ಲ, ಅದು ಕೊಬ್ಬು, ಚರ್ಮ, ರಕ್ತನಾಳ ಸಮೇತ ಬರುತ್ತದೆ.

ತೊಡೆಸಂದಿನ ಫ್ಲಾಪನ್ನು ಮೆಕ್‌ಗ್ರೆಗರ್ ಮತ್ತು ಜಾಕ್ಸನ್ ಎಂಬ ಶಸ್ತ್ರಚಿಕಿತ್ಸಕರು 1972ರಲ್ಲಿ ವರ್ಣಿಸಿದರು. ಹಳೆಯದು ನಿಜ. ನಿಮ್ಮ ಭಾವನವರು ಹೇಳುವ ಫ್ರೀ ಫ್ಲಾಪಿಗೆ ಗಾಯದ ಸಮೀಪ ಆರೋಗ್ಯವಾಗಿರುವ ಅಪಧಮನಿಯೊಂದು ಬೇಕು, ಮತ್ತು ವಿದ್ಯುತ್ ಗಾಯದಲ್ಲಿ ಕೊರತೆ ಇರುವುದು ಅದಕ್ಕೇ. ಹೊರಗಿನಿಂದ ಮಿಡಿಯುತ್ತಿರುವ ನಾಳವೂ ಒಳಗೆ ಹಾಳಾಗಿರಬಹುದು. ಅದಕ್ಕೆ ಜೋಡಿಸಿದರೆ ಹೆಪ್ಪುಗಟ್ಟಿ ಇಡೀ ಫ್ಲಾಪ್ ಕಪ್ಪಾಗುತ್ತದೆ. ಹಾಗಾಗದಂತೆ ಮೊಣಕೈಯ ಹತ್ತಿರ, ಗಾಯದಿಂದ ಬಹಳ ಮೇಲೆ, ಅಭಿಧಮನಿಯ ತುಂಡು ಸೇರಿಸಿ ಜೋಡಿಸುವುದುಂಟು. ಗಾಯ ಕೈಯ ಸುತ್ತಲೂ ಹರಡಿದ್ದರೆ ನಾನೂ ಅದನ್ನೇ ಆರಿಸುತ್ತೇನೆ. ಗಾಯ ಮಣಿಕಟ್ಟಿನ ಒಂದೇ ಬದಿಯಲ್ಲಿದ್ದರೆ, ಮೂರು ವಾರದ ಕಷ್ಟವಿದ್ದರೂ, ತೊಡೆಸಂದಿನ ಫ್ಲಾಪ್ ಭರವಸೆಯದು. ಪ್ರಾಸಂಗಿಕವಾಗಿ ಒಂದು ಮಾತು: 1973ರಲ್ಲಿ ಡೇನಿಯಲ್ ಮತ್ತು ಟೇಲರ್ ವರದಿ ಮಾಡಿದ ಆರಂಭದ ಫ್ರೀ ಫ್ಲಾಪಿಗೆ ಬಳಸಿದ್ದೂ ಇದೇ ತೊಡೆಸಂದಿನ ಚರ್ಮವನ್ನೇ.

ಆ ಮೂರು ಬೆರಳುಗಳು ಮರಗಟ್ಟಿರುವುದರಿಂದ ಮೀಡಿಯನ್ ನರಕ್ಕೆ ಪೆಟ್ಟಾಗಿರುವುದು ಬಹುತೇಕ ಖಚಿತ. ಫ್ಲಾಪ್ ಮೆದುವಾದ ನಂತರ, ಕೆಲವು ತಿಂಗಳು ಬಿಟ್ಟು, ಮೀನಖಂಡದ ಹಿಂಬದಿಯ ಸೂರಲ್ ನರವನ್ನು ತೆಗೆದು ಅಂತರ ತುಂಬಬಹುದು. ನರ ದಿನಕ್ಕೆ ಸುಮಾರು 1 ಮಿ.ಮೀ. ಬೆಳೆಯುತ್ತದೆ; ಬೆರಳ ತುದಿ ಮುಟ್ಟಲು ಅರ್ಧ ವರ್ಷ ದಾಟುತ್ತದೆ, ಮತ್ತು ಮರಳುವ ಸ್ಪರ್ಶ ಮೊದಲಿನಷ್ಟು ಸೂಕ್ಷ್ಮವಾಗಿರುವುದಿಲ್ಲ.

ಕೈ ತೆಗೆಯುವ ಸಲಹೆ ಮೂರ್ಖತನದ್ದಲ್ಲ. ರಕ್ತಸಂಚಾರ ನಿಂತಿದ್ದರೆ, ಮುಂಗೈಯ ಮಾಂಸವೆಲ್ಲ ಸತ್ತಿದ್ದರೆ ಅದೇ ಸರಿಯಾದ ಚಿಕಿತ್ಸೆ. ಬೆರಳುಗಳು ಬೆಚ್ಚಗೆ, ಕೆಂಪಾಗಿ ಇರುವವರೆಗೆ ಆ ಮಾತು ಬೇಡ. ಕೈಕಸಿಯ ಬಗ್ಗೆಯೂ ಯಾರಾದರೂ ಹೇಳಿಯಾರು. ನಮ್ಮ ದೇಶದಲ್ಲಿ ಅದು 2015ರಲ್ಲಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ಮೊದಲಾಯಿತು. ಆದರೆ ಜೀವನಪೂರ್ತಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ನುಂಗಬೇಕಾದ ಆ ಚಿಕಿತ್ಸೆಯನ್ನು ಮುಖ್ಯವಾಗಿ ಎರಡೂ ಕೈ ಕಳೆದುಕೊಂಡವರಿಗೆ ಯೋಚಿಸುತ್ತಾರೆ.

ಕಂಬದಮೇಲೆ:

ತಂಗಿ, ನಾನು ಮೊದಲು ಪವರ್‌ಮ್ಯಾನ್ ಆಗಿದ್ದವನು. ಲೈನ್ ಬಂದ್ ಆಗಿದೆ ಎಂದು ಹೇಳಿದ್ದನ್ನು ನಂಬಿ ಕಂಬ ಹತ್ತಿದವನಿಗೆ ಇದೇ ಫ್ಲಾಪ್ ಹಾಕಿದರು. ವೈದ್ಯರು ಶಸ್ತ್ರಚಿಕಿತ್ಸೆಯನ್ನು ಹೇಳಿದ್ದಾರೆ, ಆ ಮೂರು ವಾರ ಹೇಗಿರುತ್ತದೆ ಎಂಬುದನ್ನು ನಾನು ಹೇಳುತ್ತೇನೆ.

ಕೈಯನ್ನು ಸೊಂಟಕ್ಕೆ ಅಗಲವಾದ ಪ್ಲಾಸ್ಟರ್ ಪಟ್ಟಿಯಿಂದ ಬಿಗಿದಿರುತ್ತಾರೆ. ನಿದ್ದೆಯಲ್ಲಿ ಎಳೆದುಬಿಟ್ಟೆನೇನೋ ಎಂಬ ಭಯದಲ್ಲೇ ಮೊದಲ ಕೆಲವು ರಾತ್ರಿ ಕಳೆಯುತ್ತವೆ. ಪ್ಯಾಂಟು ಹಾಕುವಂತಿಲ್ಲ, ಲುಂಗಿಯೇ ಗತಿ. ಅಂಗಿಯ ಬಲತೋಳನ್ನು ಪಕ್ಕಕ್ಕೆ ಬಿಚ್ಚಿ ಲಾಡಿ ಹೊಲಿಸಿಕೊಳ್ಳಿ. ಶೌಚಕ್ಕೆ, ಊಟಕ್ಕೆ ಒಬ್ಬರು ಜೊತೆಗಿರಲೇಬೇಕು. ಬೆವರು, ಗಾಯದ ನೀರು ಸೇರಿ ತೊಡೆಸಂದಿನಲ್ಲಿ ವಾಸನೆ ಬರುತ್ತದೆ. ನಾಚಿಕೆಪಟ್ಟುಕೊಂಡು ಸುಮ್ಮನಿರದೆ ನರ್ಸಮ್ಮನವರಿಗೆ ಹೇಳಿ ಡ್ರೆಸ್ಸಿಂಗ್ ಬದಲಾಯಿಸಿಕೊಳ್ಳಬೇಕು. ನನಗೆ ಕೈಗಿಂತ ಭುಜದ ಬಿಗಿತವೇ ಹೆಚ್ಚು ನೋವು ಕೊಟ್ಟಿತು. ಫ್ಲಾಪನ್ನು ಬೇರ್ಪಡಿಸಿದ ಮೇಲೆ ಮಣಿಕಟ್ಟಿನಲ್ಲಿ ದಪ್ಪ ದಿಂಬಿಟ್ಟಂತೆ ಕಾಣುತ್ತಿತ್ತು, ಹೊಟ್ಟೆ ಬಂದಾಗ ಅದೂ ದಪ್ಪಗಾಗುತ್ತಿತ್ತು. ಮುಂದೆ ಕೊಬ್ಬು ತೆಗೆದು ತೆಳುಮಾಡಿದರು. ಈಗ ಬೈಕ್ ಓಡಿಸುತ್ತೇನೆ. ಅಂಗಿಯ ಗುಂಡಿಯನ್ನು ಮಾತ್ರ ಎಡಗೈಯಲ್ಲೇ ಹಾಕಿಕೊಳ್ಳುತ್ತೇನೆ.

ಇನ್ನೊಂದು ವಿಷಯ. ಅಲ್ಯೂಮಿನಿಯಂ ದೋಟಿ ಬೇಡವೆಂದು ಈಗ ಬಹಳ ಜನ ಕಾರ್ಬನ್ ಫೈಬರ್ ದೋಟಿ ಕೊಂಡಿದ್ದಾರೆ. ಅದರಲ್ಲೂ ವಿದ್ಯುತ್ ಹರಿಯುತ್ತದೆ.

ಕೈಚಿಕಿತ್ಸಕಿ:

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಫ್ಲಾಪ್ ಇರುವಾಗಲೂ ಬೆರಳಿನ ಗೆಣ್ಣುಗಳನ್ನು, ಮೊಣಕೈಯನ್ನು, ಭುಜವನ್ನು ಸರ್ಜನ್ ಅನುಮತಿಸಿದಷ್ಟು ಮಟ್ಟಿಗೆ ದಿನವೂ ಆಡಿಸಬೇಕು. ಗೆಣ್ಣುಗಳು ಒಮ್ಮೆ ಗಟ್ಟಿಯಾದರೆ, ಮುಂದೆ ರಜ್ಜು ಜೋಡಿಸಿದರೂ ಬೆರಳು ಮಡಿಯುವುದಿಲ್ಲ. ಬೇರ್ಪಡಿಸಿದ ನಂತರ ಸ್ಪ್ಲಿಂಟನ್ನು ಬೆರಳುಬುಡದ ಗೆಣ್ಣುಗಳು ಮಡಿದಿರುವಂತೆ, ಬೆರಳುಗಳು ನೇರವಾಗಿರುವಂತೆ, ಹೆಬ್ಬೆರಳು ಅಂಗೈಯಿಂದ ದೂರವಿರುವಂತೆ ಮಾಡಿಸುತ್ತೇವೆ. ಸ್ಪರ್ಶವಿಲ್ಲದ ಬೆರಳುಗಳಿಂದ ಬಿಸಿ ಕಾಫಿ ಲೋಟ ಹಿಡಿದು ಸುಟ್ಟುಕೊಂಡು, ಗುಳ್ಳೆ ಎದ್ದ ಮೇಲೆ ಗೊತ್ತಾಯಿತು ಎನ್ನುತ್ತ ಬರುವವರನ್ನು ಆಗಾಗ ನೋಡುತ್ತೇನೆ. ಒಲೆಯ ಬಳಿ ಎಚ್ಚರವಿರಲಿ. ಕಾಗದಪತ್ರಗಳ ವಿಷಯಕ್ಕೆ ಬಂದರೆ, ಗಾಯದ ಪ್ರಮಾಣಪತ್ರ ಮತ್ತು ಡಿಸ್ಚಾರ್ಜ್ ಸಾರಾಂಶಗಳನ್ನು ಜೋಪಾನವಾಗಿಡಿ. ಶಾಶ್ವತ ಊನ ಶೇಕಡಾ 40 ಅಥವಾ ಹೆಚ್ಚು ಎಂದು ವೈದ್ಯಕೀಯ ಮಂಡಳಿ ಪ್ರಮಾಣೀಕರಿಸಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಸವಲತ್ತುಗಳಿಗೆ ಅರ್ಜಿ ಹಾಕಬಹುದು.

ತೋಟದಮನೆ:

ಎಲ್ಲರಿಗೂ ಧನ್ಯವಾದಗಳು. ಭಾವನವರಿಗೂ ಓದಿ ಹೇಳಿದೆ, ಫ್ಲಾಪಿಗೆ ಒಪ್ಪಿಗೆ ಕೊಡುತ್ತಿದ್ದೇವೆ. ಡಾಕ್ಟರ್ ಸರ್, ಎರಡು ಸಂದೇಹ. ಅಣ್ಣ ಬೀಡಿ, ಸಿಗರೇಟು ಸೇದುವುದಿಲ್ಲ, ಆದರೆ ಕವಳದ ಜೊತೆ ಹೊಗೆಸೊಪ್ಪು ಹಾಕುತ್ತಾನೆ, ಅದೂ ತೊಂದರೆಯೇ? ಹಿಮ್ಮಡಿಯ ತೂತಿಗೂ ಫ್ಲಾಪ್ ಬೇಕಾದೀತೇ?

ಪ್ಲಾಸ್ಟಿಕ್ ಸರ್ಜನ್, ಹುಬ್ಬಳ್ಳಿ:

ತೊಂದರೆಯೇ. ನಿಕೋಟಿನ್ ಯಾವ ದಾರಿಯಿಂದ ಹೋದರೂ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಆದ್ದರಿಂದ ಹೊಗೆಸೊಪ್ಪನ್ನು ಇಂದೇ ನಿಲ್ಲಿಸಬೇಕು. ಆಸ್ಪತ್ರೆಯಲ್ಲಿ ಬೇಸರ ಕಳೆಯಲೆಂದು ನೆಂಟರು ತಂದುಕೊಡುವುದುಂಟು, ಅವರಿಗೂ ಹೇಳಿಡಿ. ಹಿಮ್ಮಡಿಯಲ್ಲಿ ಮೂಳೆ ಕಾಣದಿದ್ದರೆ ಡ್ರೆಸ್ಸಿಂಗಿನಲ್ಲೇ ಮಾಗಬಹುದು; ಮೂಳೆ ಕಂಡರೆ ಭಾರ ಹೊರಬಲ್ಲ ಚರ್ಮ ಬೇಕಾಗುವುದರಿಂದ ಅಂಗಾಲಿನ ಒಳಬದಿಯ ಚರ್ಮವನ್ನೇ ಸರಿಸಿ ಮುಚ್ಚುತ್ತೇವೆ. ನೀವು ಕೇಳದ ಒಂದು ವಿಷಯವನ್ನೂ ಸೇರಿಸುತ್ತೇನೆ. ಹೈಟೆನ್ಷನ್ ಆಘಾತದ ನಂತರ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ಕಣ್ಣಿನಲ್ಲಿ ಪೊರೆ ಬರುವುದುಂಟು. ಡಿಸ್ಚಾರ್ಜ್ ಆಗುವ ಮೊದಲು ಕಣ್ಣಿನ ವೈದ್ಯರಿಂದ ಒಮ್ಮೆ ನೋಡಿಸಿ, ದೃಷ್ಟಿಯ ವಿವರವನ್ನು ಸಾರಾಂಶದಲ್ಲಿ ಬರೆಸಿಕೊಳ್ಳಿ. ಮುಂದೆ ಮಸುಕು ಕಂಡರೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ.