ಕೋತಿ ಎದುರಾದಾಗ ಕಣ್ಣು ಎಲ್ಲಿಡಬೇಕು?

ದಾವಣಗೆರೆಯಿಂದ ಕೇಳುತ್ತಿದ್ದೇನೆ: ಮುಂದಿನ ವಾರ ಅಮ್ಮ ಮತ್ತು ಆರು ವರ್ಷದ ಮಗನ ಜೊತೆ ಅಂಜನಾದ್ರಿಗೆ ಹೊರಟಿದ್ದೇನೆ. ಹೋದ ಸಲ ಮೆಟ್ಟಿಲ ಮೇಲೆ ಒಂದು ಕೋತಿ ಮಗನ ಮೇಲೆ ಏರಿ ಬಂತು. ಅವನ ಕೈಯಲ್ಲಿ ತಿನ್ನೋದು ಏನೂ ಇರಲಿಲ್ಲ. ಹತ್ತಿರ ಹೋಗಿ ಅದನ್ನೇ ನೋಡುತ್ತಾ ನಿಂತಿದ್ದ, ಅಷ್ಟೇ. ಕೋತಿಯ ಕಣ್ಣು ನೋಡಬಾರದು ಅಂತ ಕೆಲವರು, ಕಣ್ಣು ತೆಗೆದರೆ ಕಿತ್ತುಕೊಂಡು ಹೋಗುತ್ತೆ ಅಂತ ಇನ್ನು ಕೆಲವರು. ಯಾವುದು ಸರಿ?

ಗಂಗಾವತಿ: ಎರಡೂ ಸರಿ ಅಕ್ಕ. ನಾನು ಆ 575 ಮೆಟ್ಟಿಲು ತುಂಬಾ ಸಲ ಹತ್ತಿದ್ದೇನೆ. ಕೋತಿಗಳಲ್ಲಿ ದಿಟ್ಟಿಸಿ ನೋಡೋದು ಅಂದರೆ ‘ಬಾ, ನೋಡೇ ಬಿಡೋಣ’ ಅಂತ. ನಿಮ್ಮ ಮಗ ಆಸೆಯಿಂದಲೇ ನೋಡಿರುತ್ತಾನೆ, ಅದಕ್ಕೆ ಹಾಗೆ ಗೊತ್ತಾಗಲ್ಲ ಅಲ್ವಾ? ಮೇಲಾಗಿ ಚಿಕ್ಕ ಮಕ್ಕಳ ಕಣ್ಣು ಅದರ ಕಣ್ಣಿನ ಮಟ್ಟಕ್ಕೇ ಇರುತ್ತೆ. ಅದು ಹುಬ್ಬು ಮೇಲೆತ್ತಿ, ಬಾಯಿ ಗುಂಡಗೆ ತೆರೆದು ನೋಡಿದರೆ ಎಚ್ಚರಿಕೆ ಕೊಡುತ್ತಿದೆ ಅಂತಲೇ ತಿಳಿಯಿರಿ. ಆಗ ದೃಷ್ಟಿ ಅದರ ಕಾಲಿನ ಹತ್ತಿರ ಇಳಿಸಿ, ಓಡದೆ ಪಕ್ಕಕ್ಕೆ ಸರಿಯಿರಿ. ಬೆನ್ನು ಮಾತ್ರ ಕೊಡಬೇಡಿ.

ತೀರ್ಥಹಳ್ಳಿ ಕಡೆಯವನು: ಬೆನ್ನಿನ ವಿಷಯಕ್ಕೆ ನಮ್ಮ ತೋಟದ ಕತೆ ಹೇಳಬೇಕು. ಬಾಳೆಗೊನೆ ಬಲಿಯುವ ಹೊತ್ತಿಗೆ ಗುಂಪು ಬಂದು ಹಲಸಿನ ಮರದಲ್ಲಿ ಕೂರುತ್ತೆ. ನಾನು ಕೋಲು ಹಿಡಿದು ಕೆಳಗೆ ನಿಂತರೆ ಒಂದೂ ಇಳಿಯಲ್ಲ. ಒಂದು ದಿನ ಫೋನ್ ಬಂತು, ತಲೆ ಬಗ್ಗಿಸಿ ನಂಬರ್ ನೋಡಿದೆ. ಎಲೆ ಸರಿದ ಸದ್ದಾಯಿತು. ತಲೆ ಎತ್ತಿದರೆ ಗಡವ ಒಂದು ಕೊಂಬೆ ಕೆಳಗೆ ಬಂದಿತ್ತು. ನನ್ನನ್ನು ನೋಡಿ ಅಲ್ಲೇ ನಿಂತು, ಏನೂ ಆಗದವರ ಹಾಗೆ ತೊಡೆ ಕೆರೆದುಕೊಳ್ಳತೊಡಗಿತು. ಮತ್ತೆ ತಲೆ ಬಗ್ಗಿಸಿದೆ, ಮತ್ತೊಂದು ಕೊಂಬೆ. ಬೆಳಗಿನಿಂದ ಸಂಜೆವರೆಗೆ ನಾವು ಅವನ್ನು ಕಾಯ್ತೀವಿ, ಅವು ನಮ್ಮ ಕಣ್ಣನ್ನು ಕಾಯುತ್ತವೆ.

ಮೈಸೂರು: ಮೇಲಿನವರ ಮಾತು ಪರೀಕ್ಷೆಯಲ್ಲೂ ಕಂಡಿದೆ. ಪೋರ್ಟೊ ರಿಕೊ ಬಳಿಯ ಕಾಯೊ ಸಾಂಟಿಯಾಗೊ ದ್ವೀಪದ ರೀಸಸ್ ಕೋತಿಗಳ ಮೇಲೆ ನಡೆದ ಈ ಕೆಲಸ 2005ರಲ್ಲಿ ಪ್ರಕಟವಾಯಿತು. ಇಬ್ಬರು ಒಂದೊಂದು ದ್ರಾಕ್ಷಿ ಇಟ್ಟುಕೊಂಡು ನಿಂತರು. ಕೋತಿಗಳು ಹೆಚ್ಚಾಗಿ ತಮ್ಮನ್ನು ನೋಡದವರ ಹಣ್ಣನ್ನೇ ಕದ್ದವು. ಮುಖ ಎದುರಿಗೇ ಇದ್ದು ಕಣ್ಣು ಮಾತ್ರ ಬೇರೆ ಕಡೆ ಇದ್ದರೂ ಅವುಗಳಿಗೆ ತಿಳಿಯುತ್ತಿತ್ತು. ಬಂಡೀಪುರದ ನಮ್ಮ ಕೋತಿಗಳು ಪ್ರವಾಸಿಗರ ಕಡೆ ಕೈ ಚಾಚಿ, ಕೂ ಅಂತ ದನಿ ಮಾಡಿ ತಿಂಡಿ ಕೇಳೋದನ್ನೂ ಸಂಶೋಧಕರು 2018ರಲ್ಲಿ ಬರೆದಿದ್ದಾರೆ. ಎದುರಿನವರ ಗಮನ ತಮ್ಮ ಕಡೆ ಇದೆಯಾ ಅಂತಲೂ ಅವು ನೋಡಿಕೊಳ್ಳುತ್ತವೆ. ಪಾಪ ಅಂತ ಕೊಡಬೇಡಿ, ದಯವಿಟ್ಟು. ಹಾಗೆ ಕೊಟ್ಟೂ ಕೊಟ್ಟೂ ಕೇಳೋ ಕೈ ಕಸಿಯೋ ಕೈ ಆಗಿದೆ.

ಹೊಸಪೇಟೆ: ನಿಮ್ಮ ಅಮ್ಮನಿಗೆ ಒಂದು ಮಾತು ಹೇಳಿ. ಅದರ ಮುಖ ನೋಡಿ ನಗಬಾರದು. ಅವು ಹಲ್ಲು ತೋರಿಸೋದು ಹೆದರಿದಾಗ ಇಲ್ಲವೇ ಹೆದರಿಸುವಾಗ, ಖುಷಿಗೆ ಅಲ್ಲ. ಪ್ಲಾಸ್ಟಿಕ್ ಕವರ್ ಬೇಡ, ಜಿಪ್ ಇರೋ ಬ್ಯಾಗ್ ಎದೆಗೆ ಹಾಕಿಕೊಳ್ಳಿ. ಕಚ್ಚಿದರೆ, ಪರಚಿದರೂ ಸರಿ, ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಇಂಜೆಕ್ಷನ್ ಬಗ್ಗೆ ಕೇಳಿ. ನಮ್ಮ ಓಣಿಯ ಹುಡುಗನ ವಿಷಯದಲ್ಲಿ ನಾಳೆ ನೋಡೋಣ ಅಂತ ಮೂರು ದಿನ ಕಳೆದಿದ್ದರು. ಅವನು ಆರಾಮಾಗಿದ್ದಾನೆ, ಆದರೆ ಆ ಮೂರು ದಿನ ನೆನೆದರೆ ಈಗಲೂ ಎದೆ ನಡುಗುತ್ತೆ.

ದಾವಣಗೆರೆ: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಮಗನಿಗೆ ಮನೆಯ ಮೆಟ್ಟಿಲ ಮೇಲೇ ಅಭ್ಯಾಸ ಮಾಡಿಸಿದೆ. ನಾನು ಕೋತಿ. ಅವನು ನನ್ನ ಕಾಲು ನೋಡುತ್ತಾ, ಅಜ್ಜಿಯ ಕೈ ಹಿಡಿದು, ಗೋಡೆ ಬದಿಗೆ ಮೆಲ್ಲಗೆ ಸರಿದು ಹೋದ.