ಪರದೆಯ ‘ಹೊಳಪು’ ಎಂದರೆ ಯಾವುದು?

ಬಳಗದ ಎಲ್ಲರಿಗೂ ನಮಸ್ಕಾರ.

ನಾನು ಕೆಲಸ ಮಾಡುವ ಸಂಸ್ಥೆಯಲ್ಲಿ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪುಗಳು ಕೆಲವು ಇನ್ನೂ ಬಳಕೆಯಲ್ಲಿವೆ. ಅವುಗಳ ಪರದೆಯ ಗುಣವನ್ನು ಅಳೆಯುವುದು ಹೇಗೆ, ಬದಲಿಸುವುದಾದರೆ ಎಂಥದನ್ನು ಹಾಕಿಸಬೇಕು ಎಂದು ತಿಳಿಸುವ ಎರಡು ಪುಟಗಳ ಕನ್ನಡ ಟಿಪ್ಪಣಿಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅದನ್ನು ಓದಿದ ಸಹೋದ್ಯೋಗಿಯೊಬ್ಬರು ಮರುದಿನವೇ ಬಂದು, “ಮೊದಲ ಪುಟದಲ್ಲಿ ಹೊಳಪು ಹೆಚ್ಚಿರುವ ಪರದೆಯನ್ನೇ ಆರಿಸಿ ಎಂದಿದ್ದೀರಿ, ಎರಡನೆಯದರಲ್ಲಿ ಹೊಳಪಿನ ಪರದೆ ಬೇಡವೇ ಬೇಡ ಎಂದಿದ್ದೀರಿ, ಯಾವುದನ್ನು ನಂಬಲಿ?” ಎಂದು ಕೇಳಿದರು. ನಾನು ಬರೆದದ್ದು ಎರಡೂ ನಿಜವಾಗಿತ್ತು, ಆದರೆ ಒಂದೇ ಪದದಲ್ಲಿ ಎರಡು ಬೇರೆ ಗುಣಗಳನ್ನು ಹೇಳಿಬಿಟ್ಟಿದ್ದೆ.

ಮೊದಲನೆಯದು ಪರದೆ ತಾನಾಗಿ ಹೊರಸೂಸುವ ಬೆಳಕಿನ ಪ್ರಮಾಣ. ಅದನ್ನು ನಿಟ್ ಎಂಬ ಮಾನದಲ್ಲಿ ಹೇಳುತ್ತಾರೆ. ಒಂದು ಚದರ ಮೀಟರಿಗೆ ಒಂದು ಕ್ಯಾಂಡೆಲಾ (ಬೆಳಕಿನ ತೀವ್ರತೆಯ ಮೂಲಮಾನ) ಇದ್ದರೆ ಒಂದು ನಿಟ್. ಟಿ480ರಲ್ಲಿ 1366×768 ಪಿಕ್ಸೆಲ್‌ಗಳ ಪರದೆಗೆ 220 ನಿಟ್, 1920×1080ರದಕ್ಕೆ 250 ನಿಟ್, 2560×1440ರದಕ್ಕೆ 300 ನಿಟ್ ಎಂದು ತಯಾರಕರೇ ನಮೂದಿಸಿದ್ದಾರೆ. ಎರಡನೆಯದು ಮೇಲ್ಮೈಯ ಗುಣ: ಕನ್ನಡಿಯಂತೆ ನುಣುಪಾಗಿದ್ದು ಎದುರಿನ ಕಿಟಕಿಯನ್ನೂ ತಲೆಯ ಮೇಲಿನ ಟ್ಯೂಬ್‌ಲೈಟನ್ನೂ ಮರಳಿ ನಮಗೇ ತೋರಿಸುವಂಥದೋ, ಬಿದ್ದ ಬೆಳಕನ್ನು ಚದುರಿಸಿಬಿಡುವಂಥದೋ ಎಂಬುದು. ಕಚೇರಿಯಲ್ಲಿ ದಿನವಿಡೀ ಓದಿ ಬರೆಯುವವರಿಗೆ ಮೊದಲನೆಯದು ಹೆಚ್ಚಿರಬೇಕು, ಮೇಲ್ಮೈಯಲ್ಲಿ ಕನ್ನಡಿಯಂಥ ನುಣುಪು ಇರಬಾರದು. ಪತ್ರಿಕೆಗಳ ತಂತ್ರಜ್ಞಾನ ಅಂಕಣಗಳಲ್ಲಿ ಎರಡಕ್ಕೂ ‘ಹೊಳಪು’ ಎಂದೇ ಬರುವುದನ್ನು ಆಮೇಲೆ ಗಮನಿಸಿದೆ.

ನನ್ನ ಕಿವಿಗೆ ‘ಹೊಳಪು’ ಮೇಲ್ಮೈಗೇ ಸಲ್ಲುವ ಪದ. ರೇಷ್ಮೆಯ ಹೊಳಪು, ಕೂದಲಿನ ಹೊಳಪು, ಎಣ್ಣೆ ಹಚ್ಚಿದ ಕಲ್ಲಿನ ಹೊಳಪು ಎನ್ನುತ್ತೇವೆ. ‘ಹೊಳಪು ಕೊಡು’ ಎಂದರೆ ಉಜ್ಜಿ ಪಾಲಿಶ್ ಮಾಡುವುದು. ದೀಪಕ್ಕಾದರೋ ‘ದೀಪದ ಬೆಳಕು’ ಎನ್ನುತ್ತೇವೆಯೇ ಹೊರತು ‘ದೀಪದ ಹೊಳಪು’ ಎನ್ನುವುದು ಅಪರೂಪ. ಆದರೆ ಈ ಗೆರೆ ನಾನು ಬಯಸುವಷ್ಟು ಗಟ್ಟಿಯಾಗಿಲ್ಲವೆಂಬುದನ್ನೂ ಒಪ್ಪಬೇಕು. ನಕ್ಷತ್ರ ಹೊಳೆಯುತ್ತದೆ ಎಂದು ಸಣ್ಣ ಮಕ್ಕಳೂ ಹೇಳುತ್ತಾರೆ, ನಕ್ಷತ್ರಕ್ಕೆ ಸ್ವಂತ ಬೆಳಕುಂಟು. ಇತ್ತ ‘ಬೆಳಗು’ ಎಂಬ ಕ್ರಿಯಾಪದ ಆರತಿಗೂ ಸಲ್ಲುತ್ತದೆ, ಹುಣಸೆಹಣ್ಣು ಹಚ್ಚಿ ತಿಕ್ಕುವ ಹಿತ್ತಾಳೆ ಪಾತ್ರೆಗೂ ಸಲ್ಲುತ್ತದೆ. ನಿಟ್ ಎಂಬ ಮಾನದ ಹೆಸರೇ ‘ಹೊಳೆ’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು, ಆ ಧಾತುವಿನಿಂದಾದ ಗುಣವಾಚಕಕ್ಕೆ ನುಣುಪಾಗಿ ಮಿರುಗುವ ಎಂಬ ಅರ್ಥವೂ ಇದೆ. ಹಾಗಾಗಿ ಈ ಗೊಂದಲ ಕನ್ನಡದ್ದು ಮಾತ್ರವಲ್ಲ. ಅಷ್ಟರಿಂದ ನನ್ನ ಟಿಪ್ಪಣಿಯ ಓದುಗರಿಗೆ ಸಮಾಧಾನವಾಗುವುದಿಲ್ಲ ಎಂಬುದು ಬೇರೆ ಮಾತು.

ಮೊದಲ ಗುಣಕ್ಕೆ ‘ಬೆಳಕು’ ಎಂದೇ ಬರೆದು ನೋಡಿದೆ. “ಪರದೆಯ ಬೆಳಕು 300 ನಿಟ್” ಎಂಬಲ್ಲಿ ತೊಡಕಿಲ್ಲ; ಆದರೆ “ಬೆಳಕು ಹೆಚ್ಚಿರುವಲ್ಲಿ ಕುಳಿತರೆ ಬೆಳಕು ಹೆಚ್ಚಿಸಿಕೊಳ್ಳಿ” ಎಂಬ ವಾಕ್ಯ ಬಂದಾಗ ಕೋಣೆಯದು ಯಾವುದು, ಪರದೆಯದು ಯಾವುದು ಎಂದು ಬಿಡಿಸಿ ಹೇಳಬೇಕಾಯಿತು. ‘ಪ್ರಖರತೆ’ ಎಂದರೆ ನಡುಹಗಲ ಬಿಸಿಲಿನಂತೆ ಕಣ್ಣು ಚುಚ್ಚುವ ಭಾವ ಬರುತ್ತದೆ, ಅದು ಗುಣವೆನಿಸದೆ ದೋಷವೆನಿಸುತ್ತದೆ. ‘ಕಾಂತಿ’ ಮುಖಕ್ಕೆ ಒಪ್ಪುತ್ತದೆ, ಯಂತ್ರಕ್ಕೆ ಒಪ್ಪದು. ಸದ್ಯಕ್ಕೆ ‘ಹಿಂಬೆಳಕು’ ಎಂದು ಬರೆದಿದ್ದೇನೆ. ಈ ಪರದೆಗಳಲ್ಲಿ ಬೆಳಕು ನಿಜವಾಗಿಯೂ ಹಿಂದಿನಿಂದಲೇ ಬರುವುದರಿಂದ ಮತ್ತು ‘ಹಿಂಬಾಗಿಲು’ ಎಂಬ ಮಾದರಿ ಮುಂದೆಯೇ ಇರುವುದರಿಂದ ಪದ ಸರಾಗವಾಗಿದೆ. ಹಿಂಬೆಳಕಿಲ್ಲದೆ ಪ್ರತಿ ಚುಕ್ಕಿಯೂ ತಾನೇ ಬೆಳಗುವ ಓಎಲ್‌ಇಡಿ ಪರದೆಗೆ ಮಾತ್ರ ಇದು ಹೊಂದುವುದಿಲ್ಲ.

ಎರಡನೆಯ ಗುಣದಲ್ಲಿ ತೊಡಕು ಇನ್ನೂ ಹೆಚ್ಚು. ಹೊಳೆಯದ ಮೇಲ್ಮೈಗೆ ನಮ್ಮಲ್ಲಿರುವ ಮಂಕು, ಮಬ್ಬು, ಮಾಸಲು ಎಂಬ ಪದಗಳೆಲ್ಲ ನಿಂದೆಯ ಪದಗಳೇ. “ಮಂಕು ಪರದೆಯನ್ನು ಹಾಕಿಸಿ” ಎಂದು ಬರೆದರೆ ಯಾರು ತಾನೇ ಹಣ ಕೊಟ್ಟು ಹಾಕಿಸಿಯಾರು? ಆ ಮೇಲ್ಮೈ ಬೆಳಕನ್ನು ಚದುರಿಸುವುದು ಕಣ್ಣಿಗೆ ಕಾಣದಷ್ಟು ಸಣ್ಣ ಒರಟುತನದಿಂದಲೇ ಆದರೂ ‘ಒರಟು’ ಎನ್ನಲೂ ಮನಸ್ಸು ಬಾರದು. ‘ಮಿರುಗು’ ಎಂಬ ಧಾತುವನ್ನು ಹಿಡಿದು ‘ಮಿರುಗುವ ಪರದೆ’, ‘ಮಿರುಗದ ಪರದೆ’ ಎಂದರೆ ಹೇಗೆ? ಇಲ್ಲಿ ನಿಷೇಧರೂಪವೇ ಒಂದು ಸೌಕರ್ಯವೆಂದು ನನಗೆ ತೋರುತ್ತದೆ, ಏಕೆಂದರೆ ಅದು ಕೊರತೆಯನ್ನು ಸೂಚಿಸದೆ ಒಂದು ಉಪಟಳ ಇಲ್ಲವೆಂಬುದನ್ನು ಸೂಚಿಸುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಲ್ಲಿ ಮಿರುಗದ್ದಕ್ಕೆ ‘ಮ್ಯಾಟ್’, ಮಿರುಗುವುದಕ್ಕೆ ‘ಗ್ಲಾಸಿ’ ಎಂದೇ ಕೇಳಬೇಕು, ಅದನ್ನು ಬದಲಿಸುವ ಹಟ ನನಗಿಲ್ಲ.

ಇದೇ ಟಿಪ್ಪಣಿಯಲ್ಲಿ ‘ರೆಸಲ್ಯೂಷನ್‌’ಗೆ ‘ಸ್ಪಷ್ಟತೆ’ ಎಂಬ ಪದವನ್ನೂ ಕೈಬಿಟ್ಟೆ. 14 ಇಂಚಿನ ಪರದೆಯಲ್ಲಿ 1366×768 ಚುಕ್ಕಿಗಳಿದ್ದರೆ ಇಂಚಿಗೆ ಸುಮಾರು 112, 1920×1080 ಇದ್ದರೆ ಸುಮಾರು 157 ಚುಕ್ಕಿಗಳು ಬೀಳುತ್ತವೆ. 1366×768 ಎಂಬಂಥದು ಎಣಿಕೆ, ಇಂಚಿಗೆ ಇಷ್ಟು ಎಂಬುದು ದಟ್ಟಣೆ, ಸ್ಪಷ್ಟತೆ ಇವೆರಡರ ಫಲ. ಎಣಿಕೆಯನ್ನು ಹೇಳುವ ರೂಢಿ ರಂಗೋಲಿಯವರಲ್ಲಿ ಬಹುಕಾಲದಿಂದ ಇದೆ, “15ರಿಂದ 8, ಸಂದು ಚುಕ್ಕಿ” ಎಂದರೆ ಸಾಕು, ಚಿತ್ರ ಕಾಣದಿದ್ದರೂ ಅಂಗಳದಲ್ಲಿ ಎಷ್ಟು ಜಾಗ ಬೇಕೆಂದು ಅವರಿಗೆ ತಿಳಿಯುತ್ತದೆ. ಆದ್ದರಿಂದ ಪಿಕ್ಸೆಲ್‌ಗೆ ‘ಚುಕ್ಕಿ’ ಎಂದು ಧೈರ್ಯವಾಗಿ ಬರೆದಿದ್ದೇನೆ. ಅಂಚುಗಳಿಂದ ಹಿಂಬೆಳಕು ಹೊರಗೆ ಕಾಣುವ ದೋಷಕ್ಕೆ ‘ಸೋರಿಕೆ’ ಎನ್ನದೆ ‘ಒಸರು’ ಎಂದಿದ್ದೇನೆ. ಕತ್ತಲೆಯ ಕೋಣೆಯಲ್ಲಿ ಕಪ್ಪು ಚಿತ್ರವನ್ನಿಟ್ಟು ನೋಡಿದವರು ಈ ಪದವನ್ನು ಒಪ್ಪುತ್ತಾರೆ ಎಂದುಕೊಂಡಿದ್ದೇನೆ.

ಇನ್ನು ‘ಅಪ್‌ಗ್ರೇಡ್ ಮಾಡು’ ಎಂಬುದಕ್ಕೆ ಕನ್ನಡದ ಕ್ರಿಯಾಪದ. ‘ಮೇಲ್ದರ್ಜೆಗೇರಿಸು’ ಎಂಬುದು ಶಾಲೆ, ಆಸ್ಪತ್ರೆ, ರಸ್ತೆಗಳ ಸರ್ಕಾರಿ ಆದೇಶದಲ್ಲಿ ಬೇರೂರಿರುವುದರಿಂದ, ಪರದೆಗೆ ಬಳಸಿದರೆ ಶಿಲಾನ್ಯಾಸಕ್ಕೆ ಮಂತ್ರಿಗಳನ್ನು ಕರೆಯಬೇಕೇನೋ ಎನಿಸುತ್ತದೆ. ಆದರೂ ಬರಿಯ ‘ಬದಲಿಸು’ ಸಾಲದು. ಟಿ480ರಲ್ಲಿ 1366×768ರ ಪರದೆಯನ್ನು ತೆಗೆದು 1920×1080ರದನ್ನು ಹಾಕಿದರೆ ಅದೇ 30 ಪಿನ್ನಿನ ಕೇಬಲ್ ನಡೆಯುತ್ತದೆ, 2560×1440ರದಕ್ಕೆ ಹೋದರೆ 40 ಪಿನ್ನಿನ ಕೇಬಲನ್ನೂ ಹಾಕಿಸಬೇಕು. ಇದ್ದಂಥದನ್ನೇ ಹಾಕುವುದಕ್ಕೂ ಉತ್ತಮವಾದುದನ್ನು ಹಾಕುವುದಕ್ಕೂ ಎರಡು ಕ್ರಿಯಾಪದಗಳು ಬೇಕಾಗುವುದು ಇಲ್ಲಿಯೇ.

ನಾನು ಮುಖ್ಯವಾಗಿ ಕೇಳುತ್ತಿರುವುದು ಹೊಳೆಯದ ಮೇಲ್ಮೈಯ ಪದವನ್ನು. ಕಲ್ಲುಕುಟಿಗರು, ಬಡಗಿಗಳು, ಬೆಳ್ಳಿ ಕೆಲಸದವರು ಬೇಕೆಂದೇ ಹೊಳಪು ಕೊಡದೆ ಬಿಟ್ಟ ಕೆಲಸಕ್ಕೆ ಒಂದು ಹೆಸರನ್ನು ಇಟ್ಟಿರಲೇಬೇಕು. ನಿಮ್ಮ ಸೀಮೆಯಲ್ಲಿ, ಅದರಲ್ಲೂ ಧಾರವಾಡದ ಕಡೆ ಮತ್ತು ಕರಾವಳಿಯಲ್ಲಿ, ಅಂಥ ನಿಂದೆಯಿಲ್ಲದ ಪದವೊಂದನ್ನು ಕೇಳಿದ್ದರೆ, ಅದನ್ನು ಯಾವ ಕಸುಬಿನವರು ಯಾವ ವಾಕ್ಯದಲ್ಲಿ ಬಳಸಿದರು ಎಂಬುದರ ಸಮೇತ ತಿಳಿಸಬೇಕೆಂದು ಕೋರುತ್ತೇನೆ.