ಗ್ರೂಪ್ ಮೇಲ್‌ಗೆ ಉತ್ತರ ಬರೆಯುವಾಗ ಹಿಂದಿನವರ ಮಾತನ್ನು ಎಷ್ಟು ಉಳಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಹಳೆಯ ಕ್ಯಾಮೆರಾ ರಿಪೇರಿ ಮಾಡುವವರ ಒಂದು ಈಮೇಲ್ ಗುಂಪಿಗೆ ಸೇರಿದೆ. ನಾನೂರು ಜನ ಇದ್ದಾರೆ. ದಿನಕ್ಕೆ ಒಂದೇ ಮೇಲ್ ಬರಲಿ ಅಂತ ಡೈಜೆಸ್ಟ್, ಅಂದರೆ ಆ ದಿನದ ಮೇಲ್‌ಗಳೆಲ್ಲ ಒಂದರಲ್ಲೇ ಸೇರಿ ಬರುವುದನ್ನು, ಆರಿಸಿಕೊಂಡಿದ್ದೆ.

ಮೊನ್ನೆ ಒಬ್ಬರು ಶಟರ್ ಅಂಟಿಕೊಳ್ಳುವುದಕ್ಕೆ ಒಳ್ಳೆಯ ಪರಿಹಾರ ಬರೆದಿದ್ದರು. ಖುಷಿಯಾಗಿ ರಿಪ್ಲೈ ಒತ್ತಿ "ತುಂಬಾ ಉಪಯೋಗವಾಯ್ತು, ಧನ್ಯವಾದ" ಅಂತ ಕಳಿಸಿದೆ. ಸಂಜೆ ಮಾಡರೇಟರ್ ಕಡೆಯಿಂದ ನನಗೊಬ್ಬನಿಗೇ ಒಂದು ಮೇಲ್ ಬಂತು. ನನ್ನ ಒಂದು ಸಾಲಿನ ಕೆಳಗೆ ಆ ದಿನದ ಇಡೀ ಡೈಜೆಸ್ಟ್, 14 ಜನ ಬರೆದದ್ದೆಲ್ಲ, ಮತ್ತೆ ನಾನೂರು ಜನಕ್ಕೂ ಹೋಗಿತ್ತು. "ಮುಂದಿನ ಸಲ ದಯವಿಟ್ಟು ಟ್ರಿಮ್ ಮಾಡಿ, ಉತ್ತರ ಕೆಳಗೆ ಬರೆಯಿರಿ" ಅಂತ ಮೆತ್ತಗೇ ಹೇಳಿದ್ದರು. ಆದರೂ ರಾತ್ರಿಯೆಲ್ಲ ಮನಸ್ಸಿಗೆ ಒಂಥರಾ ಆಯ್ತು.

ಆಫೀಸಿನಲ್ಲಿ ಹನ್ನೆರಡು ವರ್ಷದಿಂದ ಮೇಲ್ ಬರೆಯುತ್ತಿದ್ದೇನೆ. ಅಲ್ಲಿ ಉತ್ತರ ಮೇಲೆ ಬರೆಯುತ್ತೇವೆ, ಹಳೆಯದೆಲ್ಲ ಕೆಳಗೆ ಹಾಗೇ ಇರುತ್ತದೆ. ಅಳಿಸಿದರೆ "ಯಾಕೆ ತೆಗೆದ್ರಿ?" ಅಂತ ಕೇಳುತ್ತಾರೆ. ಇಲ್ಲಿ ನೋಡಿದರೆ ಅಳಿಸದೇ ಇದ್ದದ್ದೇ ತಪ್ಪು.

ನಿಜವಾಗಿ ಕಾಡುತ್ತಿರುವುದು ಇನ್ನೊಂದು. ಆ ಪರಿಹಾರ ಬರೆದವರು ವಯಸ್ಸಿನಲ್ಲೂ ಅನುಭವದಲ್ಲೂ ನನಗಿಂತ ಎಷ್ಟೋ ದೊಡ್ಡವರು. ಕೂತು ಮೂರು ಪ್ಯಾರಾ ಬರೆದಿದ್ದಾರೆ. ಅದರಲ್ಲಿ ಒಂದು ಸಾಲು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿ ಹಾಕುವುದು ಮರ್ಯಾದೆಯೇ? ದಯವಿಟ್ಟು ತಿಳಿದವರು ಹೇಳಿ.

ಉತ್ತರ 1

ಮೊದಲು ಆ ಗುಂಪಿನ ರೂಢಿ ನೋಡಿ. ಒಂದು ವಾರ ಸುಮ್ನೆ ಓದಿದರೆ ಗೊತ್ತಾಗುತ್ತದೆ. ಲಿನಕ್ಸ್ ಕರ್ನಲ್ ಅನ್ನುವ ಸಾಫ್ಟ್‌ವೇರ್ ಬರೆಯುವವರ ಈಮೇಲ್ ಗುಂಪುಗಳಲ್ಲಿ ಮೇಲೆ ಬರೆಯುವುದನ್ನು ಒಪ್ಪುವುದಿಲ್ಲ. ಬೇಕಾದಷ್ಟು ಮಾತು ಮಾತ್ರ ಉಳಿಸಿ, ಆಯಾ ಮಾತಿನ ಕೆಳಗೇ ಉತ್ತರ ಕೊಡಿ ಅಂತ ಅವರ ದಾಖಲೆಯಲ್ಲೇ ಇದೆ. ಬೇರೆ ಎಷ್ಟೋ ಗುಂಪುಗಳಲ್ಲಿ ಎಲ್ಲರೂ ಮೇಲೆಯೇ ಬರೆಯುತ್ತಾರೆ. ಅಲ್ಲಿ ನೀವೊಬ್ಬರೇ ಕೆಳಗೆ ಬರೆದರೆ ಓದುವವರಿಗೆ ಗೊಂದಲ.

ಬರೀ ಧನ್ಯವಾದ ಆದರೆ ಬರೆದವರಿಗೆ ಮಾತ್ರ ಕಳಿಸಿ. ನಾನೂರು ಜನಕ್ಕೆ ಬೇಡ.

ಉತ್ತರ 2

ನಾನು ಟೆಲಿಸ್ಕೋಪ್ ಮಾಡಿಕೊಳ್ಳುವವರ ಒಂದು ಈಮೇಲ್ ಗುಂಪನ್ನು 11 ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ನಿಮಗೆ ಬಂದಂಥ ಮೇಲನ್ನು ನಾನೂ ಎಷ್ಟೋ ಜನಕ್ಕೆ ಬರೆದಿದ್ದೇನೆ. ಬರೆಯುವಾಗ ಪ್ರತಿ ಸಲ ನನಗೂ ಸಂಕೋಚ ಆಗುತ್ತದೆ. ಅವರು ನಿಮಗೊಬ್ಬರಿಗೇ ಬರೆದಿದ್ದಾರೆ, ಗುಂಪಿನಲ್ಲಿ ಹೇಳಲಿಲ್ಲ ಅಲ್ವಾ? ಅಂದರೆ ನೀವು ಅಲ್ಲಿ ಇರಬೇಕು ಅಂತಲೇ ಅವರ ಮನಸ್ಸಿನಲ್ಲಿದೆ.

ಆಫೀಸಿನ ರೂಢಿ ತಪ್ಪಲ್ಲ, ಅಲ್ಲಿಗೆ ಅದೇ ಸರಿ. ಅಲ್ಲಿ ನಡುವೆ ಹೊಸಬರನ್ನು ಸೇರಿಸುತ್ತಾರೆ. ಮೊದಲಿಂದ ಏನಾಯ್ತು ಅಂತ ಅವರು ಕೆಳಗಿನಿಂದ ಓದಿಕೊಳ್ಳಬೇಕು. ಗುಂಪಿನಲ್ಲಿ ಹಾಗಲ್ಲ. ಹಿಂದಿನ ಮೇಲ್ ಎಲ್ಲರಿಗೂ ಆಗಲೇ ಬಂದಿದೆ, ಹಳೆಯ ಮೇಲ್‌ಗಳನ್ನು ಕೂಡಿಡುವ ಆರ್ಕೈವ್‌ನಲ್ಲೂ ಕೂತಿದೆ. ಅದನ್ನು ಮತ್ತೆ ಹೊತ್ತು ತರುವ ಕೆಲಸ ನಿಮ್ಮದಲ್ಲ. ನೀವು ಯಾವ ಮಾತಿಗೆ ಉತ್ತರ ಕೊಡುತ್ತಿದ್ದೀರಿ ಅಂತ ತೋರಿಸಿದರೆ ಸಾಕು.

ಇದು ಹೊಸ ನಿಯಮವೂ ಅಲ್ಲ. 1995ರ ಅಕ್ಟೋಬರ್‌ನಲ್ಲಿ ಬಂದ ಆರ್‌ಎಫ್‌ಸಿ 1855 ಅನ್ನುವ ದಾಖಲೆ ಇಂಟರ್‌ನೆಟ್‌ನಲ್ಲಿ ನಡೆದುಕೊಳ್ಳುವ ರೀತಿಯ ಬಗ್ಗೆಯೇ ಇದೆ. ಮೂಲದ ಸಾರವನ್ನು ಮೇಲೆ ಬರೆಯಿರಿ, ಇಲ್ಲವೇ ಸಂದರ್ಭ ತಿಳಿಯುವಷ್ಟು ಮಾತ್ರ ಉಳಿಸಿ, ಇಡೀ ಮೂಲವನ್ನು ಸೇರಿಸಬೇಡಿ ಅನ್ನುವುದು ಅದರ ಸಲಹೆ. ಕಾರಣವನ್ನೂ ಕೊಟ್ಟಿದ್ದಾರೆ. ಆಗಿನ ಯೂಸ್‌ನೆಟ್ ಅನ್ನುವ ಚರ್ಚೆಯ ಜಾಲದಲ್ಲಿ ಬರಹಗಳು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುವಾಗ, ಮೂಲಕ್ಕಿಂತ ಮೊದಲು ಉತ್ತರವೇ ತಲುಪಿಬಿಡಬಹುದಿತ್ತು. ಅದಕ್ಕೇ ಎರಡು ಸಾಲು ಉಳಿಸಬೇಕಿತ್ತು. ಕೆಲವು ಯೂಸ್‌ನೆಟ್ ಪ್ರೋಗ್ರಾಮ್‌ಗಳಂತೂ ಹೊಸದಾಗಿ ಬರೆದದ್ದಕ್ಕಿಂತ ಕೋಟ್ ಮಾಡಿದ್ದೇ, ಅಂದರೆ ಹಿಂದಿನವರ ಮಾತೇ, ಜಾಸ್ತಿ ಇದ್ದರೆ ಕಳಿಸುತ್ತಲೇ ಇರಲಿಲ್ಲ.

ನಮ್ಮ ಗುಂಪಿನಲ್ಲಿ ಒಂದು ಸಾಧಾರಣ ಉತ್ತರ ಹೀಗಿರುತ್ತದೆ:

> ಕನ್ನಡಿಯ ಮೇಲೆ ಧೂಳು ಕೂತಿದೆ. ಊದಿದರೂ ಹೋಗುತ್ತಿಲ್ಲ.

ಸ್ವಲ್ಪ ಧೂಳಿನಿಂದ ಚಿತ್ರ ಕೆಡುವುದಿಲ್ಲ. ಈಗ ಮುಟ್ಟಬೇಡಿ.

> [...] ಕಾಲಿಮೇಶನ್ (ಕನ್ನಡಿಗಳ ಹೊಂದಾಣಿಕೆ) ಎಷ್ಟು ದಿನಕ್ಕೊಮ್ಮೆ ನೋಡಬೇಕು?

ದಿನದ ಲೆಕ್ಕ ಬೇಡ. ಟೆಲಿಸ್ಕೋಪ್ ಎತ್ತಿ ಬೇರೆ ಕಡೆ ಇಟ್ಟಾಗಲೆಲ್ಲ ನೋಡಿ.

ಎದುರು ಕೂತು ಮಾತಾಡಿದ ಹಾಗೇ ಇದೆ. ಅವರೊಂದು ಮಾತು, ನಿಮ್ಮದೊಂದು ಮಾತು. ನಡುವೆ ಬಿಟ್ಟಿದ್ದೀರಿ ಅನ್ನುವುದಕ್ಕೆ ಆ ಚುಕ್ಕೆಗಳ ಗುರುತು. ಅದನ್ನು ಹಾಕದೆ ಎರಡು ವಾಕ್ಯಗಳನ್ನು ಅಂಟಿಸಿದರೆ, ಅವರು ಹಾಗೇ ಒಟ್ಟಿಗೆ ಹೇಳಿದ್ದರು ಅಂತ ಓದುವವರು ತಿಳಿದುಕೊಳ್ಳುತ್ತಾರೆ.

ಈಗ ನಿಮ್ಮ ಮರ್ಯಾದೆಯ ಪ್ರಶ್ನೆ. ಕತ್ತರಿಸಿದರೆ ಅವಮಾನ ಆಗುವುದಿಲ್ಲ. ಆದರೆ ತಪ್ಪು ಜಾಗದಲ್ಲಿ ಕತ್ತರಿಸಿದರೆ ಏನಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು.

ಆರು ವರ್ಷದ ಹಿಂದೆ ನಮ್ಮ ಗುಂಪಿನ ಹಿರಿಯರೊಬ್ಬರು ಹೀಗೆ ಬರೆದಿದ್ದರು: "ಕನ್ನಡಿಯನ್ನು ನೀರಿನಲ್ಲಿ ತೊಳೆಯಬಹುದು. ಆದರೆ ಬಟ್ಟೆಯಿಂದ ಉಜ್ಜಬಾರದು. ಒರಗಿಸಿಟ್ಟು ಹಾಗೇ ಒಣಗಲು ಬಿಡಿ." ನಾನು ಯಾವ ನೀರು ಒಳ್ಳೆಯದು ಅಂತ ಹೇಳಲು ಹೊರಟಿದ್ದೆ. ಅದಕ್ಕೆ ಮೊದಲ ವಾಕ್ಯ ಮಾತ್ರ ಉಳಿಸಿದೆ. ಕೆಳಗೆ ಡಿಸ್ಟಿಲ್ಡ್ ವಾಟರ್ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಿದೆ. ಅವತ್ತು ಹೊಸದಾಗಿ ಸೇರಿದ ಒಬ್ಬ ಹುಡುಗ ಹಿಂದಿನ ಮೇಲ್ ನೋಡಿರಲಿಲ್ಲ, ನನ್ನದನ್ನು ಮಾತ್ರ ನೋಡಿದ್ದ. ಕನ್ನಡಿ ತೊಳೆದ, ಟವೆಲ್ ತೆಗೆದುಕೊಂಡು ಒರೆಸಿದ. ಟೆಲಿಸ್ಕೋಪಿನ ಕನ್ನಡಿಗೆ ಅಲ್ಯೂಮಿನಿಯಂ ಲೇಪ ಮುಂದುಗಡೆಯೇ ಇರುತ್ತದೆ, ಮನೆಯ ಕನ್ನಡಿಯ ಹಾಗೆ ಗಾಜಿನ ಹಿಂದೆ ಇರುವುದಿಲ್ಲ. ಅವನು ಕಳಿಸಿದ ಫೋಟೋ ಇನ್ನೂ ನನ್ನ ಹತ್ತಿರ ಇದೆ. ಟಾರ್ಚ್ ಬೆಳಕಿನಲ್ಲಿ ಕೂದಲೆಳೆಯಂಥ ಗೀರುಗಳು, ಕೈ ಓಡಿದ ದಾರಿಯಲ್ಲೇ ಕಮಾನಿನ ಹಾಗೆ ಹೊಳೆಯುತ್ತಿದ್ದವು. ಅವನು ನನ್ನನ್ನು ಬೈಯಲಿಲ್ಲ. "ಸರ್, ನಾನು ಏನು ತಪ್ಪು ಮಾಡಿದೆ?" ಅಂತ ಕೇಳಿದ್ದ. ಹಿರಿಯರು "ನಾನು ಉಜ್ಜಬೇಡಿ ಅಂತ ಹೇಳಿದ್ದೆನಲ್ಲ" ಅಂತ ಒಂದೇ ಸಾಲು ಬರೆದರು. ಇಬ್ಬರಲ್ಲೂ ಗುಂಪಿನ ಎದುರಿಗೇ ಕ್ಷಮೆ ಕೇಳಿದೆ.

ಅಂದಿನಿಂದ ಕತ್ತರಿಸುವಾಗ ಒಂದು ಪದ ಹುಡುಕುತ್ತೇನೆ: "ಆದರೆ". ಕೋಟ್ ಮಾಡಿದ ವಾಕ್ಯದ ಮುಂದೆಯೋ ಹಿಂದೆಯೋ ಅದು ಇದ್ದರೆ, ಅಲ್ಲಿಯವರೆಗೂ ಉಳಿಸುತ್ತೇನೆ. "ಇದ್ದರೆ ಮಾತ್ರ", "ಬಿಟ್ಟು" ಇವೂ ಹಾಗೇ. ಕಳಿಸುವ ಮುಂಚೆ ಬರೆದವರ ಜಾಗದಲ್ಲಿ ಕೂತು ಒಂದು ಸಲ ಓದುತ್ತೇನೆ. "ಹೌದು, ನಾನು ಹೇಳಿದ್ದು ಇದೇ" ಅಂತ ಅವರು ಒಪ್ಪಬೇಕು. ಒಪ್ಪುತ್ತಾರೆ ಅನ್ನಿಸಿದರೆ ಅವರ ಮೂರು ಪ್ಯಾರಾದಲ್ಲಿ ಒಂದೇ ಸಾಲು ಉಳಿಸಿದರೂ ಚಿಂತೆಯಿಲ್ಲ.

ಹೆಸರಿನ ಸಾಲಿನ ಬಗ್ಗೆಯೂ ಹೇಳಬೇಕು. "ಇಂಥವರು ಬರೆದರು" ಅಂತ ಮೇಲೆ ತಾನಾಗಿ ಬರುತ್ತದಲ್ಲ, ಅದು. ಮೂರು ಜನರ ಮಾತು ಒಂದರೊಳಗೊಂದು ಇದ್ದಾಗ ಒಬ್ಬರ ಮಾತನ್ನು ಅಳಿಸಿ ಅವರ ಹೆಸರು ಹಾಗೇ ಬಿಟ್ಟರೆ, ಇನ್ನೊಬ್ಬರ ಮಾತು ಅವರ ಬಾಯಿಗೆ ಬಂದು ಕೂರುತ್ತದೆ. ನನ್ನ ಗುಂಪಿನಲ್ಲಿ ಆದ ಜಗಳಗಳಲ್ಲಿ ಅರ್ಧಕ್ಕರ್ಧ "ನಾನು ಹಾಗೆ ಹೇಳೇ ಇಲ್ಲ" ಅಂತಲೇ ಶುರುವಾದವು.

ಡೈಜೆಸ್ಟ್ ವಿಷಯ: ಅದಕ್ಕೆ ರಿಪ್ಲೈ ಒತ್ತಿದರೆ ಸಬ್ಜೆಕ್ಟ್ ಡೈಜೆಸ್ಟ್‌ನದ್ದೇ ಇರುತ್ತದೆ, ನಿಮ್ಮ ಉತ್ತರ ಮೂಲ ಮೇಲ್‌ನ ಥ್ರೆಡ್‌ಗೆ, ಅಂದರೆ ಅದರ ಉತ್ತರಗಳ ಸರಣಿಗೆ, ಸೇರುವುದೂ ಇಲ್ಲ. ಸಬ್ಜೆಕ್ಟನ್ನು ಕೈಯಾರೆ ಬದಲಾಯಿಸಿ. ಗುಂಪಿನಲ್ಲಿ ಜಾಸ್ತಿ ಮಾತಾಡುವ ಆಸೆ ಇದ್ದರೆ ಡೈಜೆಸ್ಟ್ ಬಿಟ್ಟು ಬಿಡಿಬಿಡಿ ಮೇಲ್ ತರಿಸಿಕೊಳ್ಳುವುದೇ ಒಳ್ಳೆಯದು.

ನಮ್ಮ ಹಾಗೆ ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕಾರಣ ಇದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಅನ್ನುವ ಪದ್ಧತಿಯಲ್ಲಿ ನಮ್ಮ "ಕ" ಮೂರು ಬೈಟ್. "ಕಾ" ಆರು, ಯಾಕಂದರೆ ದೀರ್ಘದ ಗುರುತಿಗೂ ಮೂರು. ಕೆಲವು ಮೇಲ್ ಪ್ರೋಗ್ರಾಮ್‌ಗಳು ಇದನ್ನು ಕ್ವೋಟೆಡ್-ಪ್ರಿಂಟಬಲ್ ರೀತಿಯಲ್ಲಿ ಕಳಿಸುತ್ತವೆ. ಅಲ್ಲಿ ಒಂದೊಂದು ಬೈಟೂ ಮೂರಾಗುತ್ತದೆ. ಆಗ "ಕಾ" 18 ಬೈಟ್. ಮೇಲ್‌ಮ್ಯಾನ್ 2 ಅನ್ನುವ ಲಿಸ್ಟ್ ಸಾಫ್ಟ್‌ವೇರ್‌ನಲ್ಲಿ ಏನೂ ಬದಲಾಯಿಸದಿದ್ದರೆ ಒಂದು ಮೇಲ್‌ನ ಮಿತಿ 40 ಕೆಬಿ. ನಾಲ್ಕೈದು ಉದ್ದನೆಯ ಕನ್ನಡ ಮೇಲ್‌ಗಳನ್ನು ಒಂದರ ಕೆಳಗೊಂದು ಎಳೆದುಕೊಂಡು ಹೋದರೆ ಅದು ಸುಲಭವಾಗಿ ದಾಟುತ್ತದೆ. ದಾಟಿದ ಮೇಲ್ ಮಾಡರೇಟರ್ ಬಿಡುವವರೆಗೂ ತಡೆದು ನಿಲ್ಲುತ್ತದೆ. "ನನ್ನ ಮೇಲ್ ಯಾಕೆ ಬರಲಿಲ್ಲ?" ಅಂತ ಕೇಳುವವರಿಗೆ ಎಷ್ಟೋ ಸಲ ಉತ್ತರ ಇಷ್ಟೇ.

ಮೇಲಿನ ಗೆಳೆಯರ ಒಂದು ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇಲ್ಲ. ಬರೀ ಧನ್ಯವಾದ ಖಾಸಗಿಯಾಗಿ ಇರಲಿ, ಸರಿ. ಆದರೆ ಆ ಪರಿಹಾರದಿಂದ ನಿಮ್ಮ ಶಟರ್ ಸರಿಹೋಗಿದ್ದರೆ ಅದನ್ನು ಗುಂಪಿಗೇ ಹೇಳಿ. ಐದು ವರ್ಷದ ಮೇಲೆ ಅದೇ ತೊಂದರೆ ಹುಡುಕಿಕೊಂಡು ಬರುವವರಿಗೆ "ಇದು ಕೆಲಸ ಮಾಡಿತು" ಅನ್ನುವ ಒಂದು ಸಾಲು ಬಂಗಾರ.

ಉತ್ತರ 3

ನನಗೆ ಕಣ್ಣು ಕಾಣುವುದಿಲ್ಲ. ಮೇಲ್‌ಗಳನ್ನು ಸ್ಕ್ರೀನ್ ರೀಡರ್‌ನಲ್ಲಿ ಕೇಳುತ್ತೇನೆ. ಆ ಕಡೆಯಿಂದ ಎರಡು ಮಾತು.

ಸಾಲಿನ ಮೊದಲಿಗೆ ಬರುವ ಆ ಬಾಣದಂಥ ಗುರುತನ್ನು ನನ್ನ ಸೆಟ್ಟಿಂಗ್‌ನಲ್ಲಿ ಅದು "ಗ್ರೇಟರ್" ಅಂತ ಓದುತ್ತದೆ. ನಾಲ್ಕು ಜನರ ಮಾತು ಒಳಗೊಳಗೆ ಇದ್ದರೆ ಪ್ರತಿ ಸಾಲಿಗೂ "ಗ್ರೇಟರ್ ಗ್ರೇಟರ್ ಗ್ರೇಟರ್ ಗ್ರೇಟರ್". ಕಣ್ಣಿರುವವರು ಬೆರಳಾಡಿಸಿ ಕೆಳಗೆ ಹೋಗುತ್ತಾರೆ. ನಾನು ಕೇಳುತ್ತಲೇ ಹೋಗಬೇಕು, ಹೊಸ ಮಾತು ಎಲ್ಲಿ ಬರುತ್ತದೋ ಅಂತ. ಉತ್ತರವನ್ನು ಕೆಳಗೆ ಬರೆಯುವವರು ಮೇಲಿನದನ್ನು ಕತ್ತರಿಸದೇ ಬಿಟ್ಟರೆ ನನಗೆ ಅದು ಮೇಲೆ ಬರೆಯುವುದಕ್ಕಿಂತ ಕಷ್ಟ. ಎರಡು ಸಾಲಿಗೆ ಇಳಿಸಿ ಕೆಳಗೆ ಬರೆದರೆ ಎಲ್ಲಕ್ಕಿಂತ ಸಲೀಸು.

ಎರಡನೆಯದು ಬಣ್ಣ. "ನನ್ನ ಉತ್ತರ ಕೆಂಪು ಬಣ್ಣದಲ್ಲಿದೆ" ಅಂತ ಬರೆದು, ಮೂಲದ ನಡುವೆ ತಮ್ಮ ಮಾತು ಸೇರಿಸುತ್ತಾರೆ. ನನಗೆ ಕೆಂಪೂ ಒಂದೇ, ಕಪ್ಪೂ ಒಂದೇ. ಯಾರ ಮಾತು ಎಲ್ಲಿ ಮುಗಿಯಿತು ಅಂತ ತಿಳಿಯುವುದೇ ಇಲ್ಲ. ಕೆಲವು ಗುಂಪುಗಳು ಮೇಲನ್ನು ಬರೀ ಅಕ್ಷರಗಳಿಗೆ ಇಳಿಸಿ ಕಳಿಸುತ್ತವೆ, ಆಗ ಬಣ್ಣ ಯಾರಿಗೂ ಕಾಣುವುದಿಲ್ಲ. ಖಾಲಿ ಸಾಲು ಬಿಟ್ಟು ಹೊಸ ಸಾಲಿನಲ್ಲಿ ಬರೆಯಿರಿ, ಅಷ್ಟು ಸಾಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಕನ್ನಡಿಯ ಕಥೆ ಓದಿ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಆ "ಗ್ರೇಟರ್" ಬಗ್ಗೆ ನನಗೆ ಯೋಚನೆಯೇ ಬಂದಿರಲಿಲ್ಲ. ನನ್ನ 14 ಜನರ ಡೈಜೆಸ್ಟನ್ನು ಆ ಗುಂಪಿನಲ್ಲಿ ಯಾರಾದರೂ ಹಾಗೆ ಕೇಳಿಸಿಕೊಂಡಿರಬಹುದು ಅಂತ ಈಗ ಅನ್ನಿಸುತ್ತಿದೆ.

ಇನ್ನೊಂದು ಸಮಸ್ಯೆ. ನಾನು ಜಾಸ್ತಿ ಮೇಲ್ ನೋಡುವುದು ಫೋನಿನಲ್ಲಿ. ಕೋಟ್ ಆದ ಭಾಗ ಮೂರು ಚುಕ್ಕೆಯ ಹಿಂದೆ ಅಡಗಿರುತ್ತದೆ. ಅದನ್ನು ತೆರೆದು, ಬೆರಳಿನಿಂದ ಆರಿಸಿ ಅಳಿಸುವುದು ದೊಡ್ಡ ಕಷ್ಟ. ಹೀಗೆ ಬರೆದರೆ ಆಗುತ್ತದೆಯೇ?

ಸಬ್ಜೆಕ್ಟ್: ಶಟರ್ ಅಂಟಿಕೊಳ್ಳುವುದು

> ಬ್ಲೇಡ್‌ಗಳ ಮೇಲೆ ಎಣ್ಣೆ ಹಾಕಬೇಡಿ. ಅವು ಒಣಗಿಯೇ ಇರಬೇಕು.

ನಾನು ಹಿಂದೆ ಎಣ್ಣೆ ಹಾಕಿದ್ದೆ, ಅದೇ ತಪ್ಪಾಗಿತ್ತು. ಈಗ ಒರೆಸಿ ಒಣಗಿಸಿದ ಮೇಲೆ ಶಟರ್ ಸರಾಗವಾಗಿ ಓಡುತ್ತಿದೆ. ಧನ್ಯವಾದ.

ಉತ್ತರ 2 ಬರೆದವರು

ಫೋನಿನಲ್ಲಿ ಕಷ್ಟವೇ, ನಿಜ. ನಾನು ಮಾಡುವುದು ಹೀಗೆ: ಬೇಕಾದ ಒಂದು ವಾಕ್ಯವನ್ನು ಮೊದಲು ಕಾಪಿ ಮಾಡಿಕೊಳ್ಳುತ್ತೇನೆ. ಆಮೇಲೆ ರಿಪ್ಲೈ ತೆರೆದು, ಕೋಟ್ ಬಿಚ್ಚಿ, ಎಲ್ಲವನ್ನೂ ಆರಿಸಿ ಒಂದೇ ಸಲ ಅಳಿಸಿ, ಆ ವಾಕ್ಯವನ್ನು ಅಂಟಿಸುತ್ತೇನೆ. ಅದೂ ಆಗದಿದ್ದರೆ ಕೋಟ್ ಬಿಟ್ಟೇಬಿಡಿ. "ಬ್ಲೇಡ್‌ಗೆ ಎಣ್ಣೆ ಹಾಕಬಾರದು ಅಂತ ನೀವು ಹೇಳಿದ್ದಿರಲ್ಲ" ಅಂತ ನಿಮ್ಮ ಮಾತಿನಲ್ಲೇ ಶುರು ಮಾಡಿ. ಸಾರ ಹೇಳಿದರೂ ಸಾಕು ಅಂತ 1995ರ ದಾಖಲೆಯೂ ಒಪ್ಪುತ್ತದೆ. ಕೆಳಗೆ ಉಳಿದದ್ದನ್ನು ಅಳಿಸುವುದು ಮಾತ್ರ ಮರೆಯಬೇಡಿ. ನಿಮ್ಮ ಫೋನಿನಲ್ಲಿ ಮೂರು ಚುಕ್ಕೆಯ ಹಿಂದೆ ಅಡಗಿದ್ದು ಬೇರೆಯವರಿಗೆ ಪೂರ್ತಿ ಬಿಚ್ಚಿಕೊಂಡೇ ಹೋಗಿರುತ್ತದೆ. ಅದರೊಳಗೆ ಯಾರದೋ ಫೋನ್ ನಂಬರ್, ವಿಳಾಸ ಇದ್ದರೆ ಅದೂ ಆರ್ಕೈವ್ ಸೇರುತ್ತದೆ. ನಿಮಗೆ ಖಾಸಗಿಯಾಗಿ ಬಂದ ಈಮೇಲ್‌ನ ಮಾತನ್ನಂತೂ ಕೇಳದೆ ಗುಂಪಿಗೆ ತರಬೇಡಿ, ಆ ಮಾಡರೇಟರ್ ಬರೆದದ್ದನ್ನೂ ಸೇರಿಸಿ.

ನೀವು ಬರೆದ ಮಾದರಿ ಚೆನ್ನಾಗಿದೆ. ಎಣ್ಣೆಯ ವಿಷಯದಲ್ಲಿ ನಿಮ್ಮ ತಪ್ಪನ್ನೂ ಹೇಳಿಕೊಂಡಿದ್ದೀರಿ, ಅದು ಇನ್ನೊಬ್ಬರ ಕ್ಯಾಮೆರಾ ಉಳಿಸುತ್ತದೆ. ಒಂದೇ ಒಂದು ಬಿಟ್ಟುಹೋಗಿದೆ: ಆ ವಾಕ್ಯ ಯಾರದು ಅಂತ ಮೇಲೆ ಅವರ ಹೆಸರಿನ ಸಾಲು. ಅದನ್ನು ಸೇರಿಸಿ ಇವತ್ತೇ ಗುಂಪಿಗೆ ಕಳಿಸಿಬಿಡಿ.